ಮಾಲ್ಟಾದಿಂದ ಅಪ್ಪಯ್ಯನಿಗೆ

ಅಪ್ಪಯ್ಯನಿಗೆ ನಮಸ್ಕಾರ,

ನಾವಿಲ್ಲಿ ಕ್ಷೇಮ. ಕಡಲಿಗೆ ಗಡಿ ಹಾಕಿದವರು ಯಾರು ಅಂತ ಮೊನ್ನೆ ಫೋನಿನಲ್ಲಿ ಕೇಳಿದ್ದಿರಲ್ಲ, ಆ ಕಥೆಯಲ್ಲಿ ಈ ದೇಶದವರೊಬ್ಬರು ಬರುತ್ತಾರೆ. ಹೆಸರು ಅರ್ವಿದ್ ಪಾರ್ಡೊ.

ಮಾಲ್ಟಾ ಎಂದರೆ ಮೆಡಿಟರೇನಿಯನ್ ಕಡಲಿನ ದ್ವೀಪ ದೇಶ, ಬರೀ 316 ಚದರ ಕಿಲೋಮೀಟರ್. ನಮ್ಮ ಕುಂದಾಪುರ ತಾಲ್ಲೂಕಿಗಿಂತ ಎಷ್ಟೋ ಚಿಕ್ಕದು. 1964ರಲ್ಲಿ ಸ್ವತಂತ್ರವಾದ ಮೇಲೆ ವಿಶ್ವಸಂಸ್ಥೆಗೆ ಹೋದ ಮೊದಲ ಪ್ರತಿನಿಧಿ ಇವರೇ. ಹುಟ್ಟಿದ್ದು ರೋಮಿನಲ್ಲಿ, ಅಪ್ಪ ಮಾಲ್ಟಾದವರು, ಅಮ್ಮ ಸ್ವೀಡನ್‌ನವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ಮುಸೊಲಿನಿ ಸರ್ಕಾರ ಇವರನ್ನು ಜೈಲಿಗೆ ಹಾಕಿತ್ತು. ಆಮೇಲೆ ವಿಶ್ವಸಂಸ್ಥೆಯಲ್ಲೇ ಕಡತ ನೋಡಿಕೊಳ್ಳುವ ಗುಮಾಸ್ತರಾಗಿದ್ದರು. ಅಲ್ಲಿಂದ ರಾಯಭಾರಿ!

1967ರ ನವೆಂಬರ್ 1ರಂದು ವಿಶ್ವಸಂಸ್ಥೆಯ ಸಮಿತಿಯೊಂದರಲ್ಲಿ ಮಾತಿಗೆ ನಿಂತರು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದ ಸಭೆಗೂ ಮುಂದುವರಿಯಿತು. ಆಳ ಕಡಲಿನ ತಳದಲ್ಲಿ ಆಲೂಗಡ್ಡೆಯಂಥ ಗಂಟುಗಳು ಬಿದ್ದಿರುತ್ತವೆ. ಅದರಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ ಇದೆ. ಯಂತ್ರ ಇರುವ ದೊಡ್ಡ ದೇಶಗಳು ಮೊದಲು ಹೋಗಿ ಬಾಚಿಕೊಂಡರೆ ಬಡವರ ಗತಿ ಏನು? ಯಾವ ದೇಶಕ್ಕೂ ಸೇರದ ಆ ತಳ ಇಡೀ ಮನುಕುಲದ ಆಸ್ತಿ ಆಗಬೇಕು ಎಂದರು. 1970ರಲ್ಲಿ ವಿಶ್ವಸಂಸ್ಥೆ ಅದನ್ನು ಘೋಷಣೆಯಾಗಿ ಒಪ್ಪಿತು.

ಆದರೆ 1971ರಲ್ಲಿ ಮಾಲ್ಟಾದಲ್ಲಿ ಸರ್ಕಾರ ಬದಲಾಯಿತು, ಇವರ ಹುದ್ದೆ ಹೋಯಿತು. ಎಲ್ಲ ಕಡೆ ಇದೇ ಹಾಡು, ಅಲ್ವಾ? ಮುಂದೆ ಅಮೆರಿಕದಲ್ಲಿ ಪಾಠ ಹೇಳಿದರು. 1999ರಲ್ಲಿ ತೀರಿಕೊಂಡರು.

1982ರಲ್ಲಿ ಜಮೈಕಾದಲ್ಲಿ ಸಮುದ್ರ ಕಾನೂನಿನ ಒಪ್ಪಂದಕ್ಕೆ ಸಹಿ ಬಿತ್ತು. ಅಷ್ಟರಲ್ಲಿ ತೀರದ ದೇಶಗಳು 200 ನಾಟಿಕಲ್ ಮೈಲಿವರೆಗಿನ (ಸುಮಾರು 370 ಕಿಲೋಮೀಟರ್) ಮೀನು, ಎಣ್ಣೆ, ಖನಿಜದ ಹಕ್ಕು ತಮ್ಮದು ಮಾಡಿಕೊಂಡಿದ್ದವು. ಕೆಲವು ಕಡೆ ಕಡಲ ತಳದ ಮೇಲಿನ ಅವುಗಳ ಹಕ್ಕು ಇನ್ನೂ ಆಚೆ ಹೋಗುತ್ತದೆ. ಎಲ್ಲರ ಪಾಲಿಗೆ ಉಳಿದದ್ದು ಅದರಾಚೆಯ ಆಳದ ತಳ ಮಾತ್ರ. ಪಾರ್ಡೊಗೆ ಇದು ಸಮಾಧಾನ ಕೊಡಲಿಲ್ಲ.

ನನಗೆ ಅವರದೇ ಸರಿ ಅನ್ನಿಸುತ್ತದೆ. ಆದರೆ ನಿಮ್ಮ ಜೊತೆ ವಾದಕ್ಕೆ ನಿಂತರೆ ನಾನು ಸೋಲುತ್ತೇನೆ. ನಮ್ಮ ದೇಶವೂ 1976ರಲ್ಲೇ ಅದೇ 200 ಮೈಲಿಯ ಕಾನೂನು ಮಾಡಿತ್ತು. ಅದು ಇಲ್ಲದಿದ್ದರೆ ಪರದೇಶದ ಟ್ರಾಲರ್‌ಗಳು ಗಂಗೊಳ್ಳಿಯವರ ಬಂಗುಡೆಯನ್ನು ಬಿಡುತ್ತಿದ್ದವೇ? ನೀವೇನು ಹೇಳುತ್ತೀರಿ, ಬರೆಯಿರಿ. ಸುಮ್ನೆ ಫೋನಿನಲ್ಲಿ ಹೂಂ ಅಂದರೆ ಆಗದು.

ಅಮ್ಮನಿಗೆ ಮಂಡಿ ನೋವಿನ ಮಾತ್ರೆ ಬಿಡಬೇಡಿ ಅಂತ ಹೇಳಿ. ದುಡ್ಡು ಶುಕ್ರವಾರ ಹಾಕುತ್ತೇನೆ.

ನಿಮ್ಮ ಮಗ,
ಗಣೇಶ