ಚಳಿಗಾಲದ ಎಫ್ಟೆಲಿಂಗ್: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಬರುವ ಜನವರಿಯಲ್ಲಿ ಮಗನ ಹುಟ್ಟುಹಬ್ಬಕ್ಕೆ ಸರಿಯಾಗಿ, ನಿನ್ನ ತಂದೆಯವರನ್ನೂ ಕರೆದುಕೊಂಡು ನೆದರ್‌ಲೆಂಡ್ಸಿಗೆ ಬರುವ ಆಲೋಚನೆ ಇದೆಯೆಂದು ಬರೆದಿದ್ದೀಯೆ. ಆದರೆ ಎಪ್ಪತ್ತು ದಾಟಿದವರನ್ನು ಅಂಥ ಚಳಿಯಲ್ಲಿ ಥೀಮ್ ಪಾರ್ಕಿಗೆ ಕರೆದೊಯ್ಯುವುದು ವಿವೇಕವೇ ಎಂದೂ ಕೇಳಿದ್ದೀಯೆ. ನನ್ನ ಉತ್ತರವನ್ನು ಸುತ್ತಿಬಳಸದೆ ಹೇಳಿಬಿಡುತ್ತೇನೆ: ಬಾ, ಚಳಿಗಾಲದಲ್ಲಿಯೇ ಬಾ, ಎಫ್ಟೆಲಿಂಗಿಗೇ ಹೋಗೋಣ. ಈ ವರ್ಷ ಸಂಕ್ರಾಂತಿಗೆ ಮುಂಚಿನ ಶನಿವಾರ ಮಗಳಿಗೆ ಏಳು ತುಂಬಿದಾಗ, ಮೈಸೂರಿನಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ನಾವು ಹೋದದ್ದು ಅಲ್ಲಿಗೇ. ಹೊರಡುವ ಮುನ್ನ ನನ್ನ ಹೆಂಡತಿಗೂ ನಿನ್ನದೇ ಅನುಮಾನವಿತ್ತು. ರಾತ್ರಿ ಹಿಂದಿರುಗುವಾಗ ಆ ಅನುಮಾನದ ಮಾತನ್ನು ಯಾರೂ ಎತ್ತಲಿಲ್ಲ.

ಎಫ್ಟೆಲಿಂಗ್ ಇರುವುದು ದಕ್ಷಿಣದ ಉತ್ತರ ಬ್ರಬಾಂಟ್ ಪ್ರಾಂತ್ಯದ ಕಾಟ್ಸ್‌ಹ್ಯೂವಲ್ ಎಂಬ ಊರಿನಲ್ಲಿ. ನಾವಿರುವ ಐಂಡ್‌ಹೋವನ್ನಿನಿಂದ ಕಾರಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ಹಾದಿ. ರೈಲಿನಲ್ಲಿ ಬರುವವರು ಟಿಲ್‌ಬರ್ಗ್‌ನಲ್ಲಿಯೋ ಡೆನ್ ಬಾಸ್‌ನಲ್ಲಿಯೋ ಇಳಿದು ಬಸ್ಸು ಹಿಡಿಯಬೇಕು. ಚಿಪ್ ತಯಾರಿಸುವ ಯಂತ್ರಗಳ ಉದ್ಯಮವನ್ನು ನಂಬಿ ಈ ಸೀಮೆಗೆ ಬಂದು ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳಿರುವವರೆಲ್ಲ ಒಮ್ಮೆಯಾದರೂ ಅಲ್ಲಿಗೆ ಹೋಗಿ ಬಂದವರೇ. ಆದರೆ ಹೆಚ್ಚಿನವರು ಹೋಗುವುದು ಬೇಸಿಗೆ ರಜೆಯಲ್ಲಿ. ಹೋಗಿ, ಸಾಲಿನಲ್ಲಿ ನಿಂತು ಬಿಸಿಲಿನಲ್ಲಿ ಬೆಂದು, "ನಮ್ಮ ಬಿಡದಿಯ ವಂಡರ್‌ಲಾನೇ ವಾಸಿ" ಎಂದು ಹೇಳಿಕೊಂಡು ಬರುತ್ತಾರೆ. ಅವರ ಮಾತನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ಮೈನವಿರೇಳಿಸುವ ಯಂತ್ರಗಳೇ ಬೇಕೆನ್ನುವವರಿಗೆ ಲೋಕದಲ್ಲಿ ಬೇರೆ ಜಾಗಗಳಿವೆ. ಎಫ್ಟೆಲಿಂಗಿನ ಹೃದಯವಿರುವುದು ಯಂತ್ರಗಳಲ್ಲಿ ಅಲ್ಲ, ಮರಗಳ ನಡುವೆ ನಡೆದು ನೋಡಬೇಕಾದ ಅದರ ಕಥೆಗಳ ಕಾಡಿನಲ್ಲಿ.

ಆ ಕಾಡು ತೆರೆದದ್ದು 1952ರಲ್ಲಿ, ಅಂದರೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗಿಂತ ಮೂರು ವರ್ಷ ಮೊದಲು. ಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಊರಿನ ಮಕ್ಕಳಿಗೆ ಆಟದ ಬಯಲು, ದೊಡ್ಡವರಿಗೆ ಅಡ್ಡಾಡಲು ಒಂದಿಷ್ಟು ಹಸಿರು ಬೇಕೆಂದು 1950ರಲ್ಲಿ ಸ್ಥಾಪಿಸಿದ ಒಂದು ಪ್ರತಿಷ್ಠಾನವೇ ಇಂದಿಗೂ ಪಾರ್ಕಿನ ಒಡೆತನ ಹೊಂದಿದೆ. ಚಿತ್ರಕಾರ ಆಂಟನ್ ಪೀಕ್ ಮನೆ, ಗೋಪುರ, ಬಾವಿಗಳನ್ನು ಬರೆದುಕೊಟ್ಟರೆ, ಪೀಟರ್ ರೈಂಡರ್ಸ್ ಎಂಬ ತಂತ್ರಜ್ಞ ಆ ಚಿತ್ರಗಳಿಗೆ ಚಲನೆ ತುಂಬಿದ. ಮೊದಲಿಗೆ ಇದ್ದದ್ದು ಹತ್ತೇ ಕಥೆಗಳು. ಈಗ ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ಜನ ಬರುವ ಜಾಗವಾಗಿ ಬೆಳೆದಿದ್ದರೂ, ಪೀಕ್ ಬರೆದ ಸೊಟ್ಟ ಗೋಡೆ, ಬಾಗಿದ ಹೆಂಚಿನ ಮಾಡುಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಹೆಂಚಿನ ಮೇಲೆ ನಿಜವಾದ ಪಾಚಿ ಕಟ್ಟಿದೆ. ಹಳೆಯದನ್ನು ಕೆಡವಿ ಹೊಳೆಯುವ ಹೊಸದನ್ನು ನಿಲ್ಲಿಸುವ ಆಸೆಯನ್ನು ಎಪ್ಪತ್ತು ವರ್ಷ ತಡೆದುಕೊಳ್ಳುವುದು ವ್ಯಾಪಾರದಲ್ಲಿರುವವರಿಗೆ ಸುಲಭವಲ್ಲ. ನನಗೆ ಆ ಪಾರ್ಕಿನ ಮೇಲೆ ಗೌರವ ಹುಟ್ಟಿದ್ದು ಮುಖ್ಯವಾಗಿ ಈ ಕಾರಣಕ್ಕೆ.

ಇನ್ನು ಚಳಿಯ ವಿಷಯ. ಇಲ್ಲಿಯ ಜನವರಿಯೆಂದರೆ ಹಿಮಾಲಯದ ಚಿತ್ರಗಳಲ್ಲಿ ಕಾಣುವ ಬಿಳಿ ಹಿಮವಲ್ಲ. ನಾಲ್ಕೈದು ಡಿಗ್ರಿಯ, ಒದ್ದೆಯಾದ, ಮೂಳೆಗೆ ಇಳಿಯುವ ಗಾಳಿ. ಹಿಮ ಬೀಳುತ್ತದೆಯೆಂದು ಮಗಳು ವಾರದಿಂದ ಕಾಯುತ್ತಿದ್ದಳು, ಬೀಳಲಿಲ್ಲ. ಅಮ್ಮ ಸೀರೆ ಬಿಡಲು ಸುತರಾಂ ಒಪ್ಪಲಿಲ್ಲವಾದ್ದರಿಂದ ಒಳಗೆ ಉಣ್ಣೆಯ ಉಡುಪು, ಎರಡು ಜೊತೆ ಕಾಲುಚೀಲ, ಬೂಟು, ಮೇಲೆ ನನ್ನ ಹೆಂಡತಿಯ ಉದ್ದನೆಯ ಕೋಟು, ತಲೆಗೆ ಮೈಸೂರಿನಿಂದಲೇ ತಂದಿದ್ದ ಮಂಕಿ ಕ್ಯಾಪು ಹಾಕಿಸಿ, ಸೆರಗನ್ನು ಕೋಟಿನ ಒಳಗೆ ಸಿಕ್ಕಿಸಿ ಹೊರಡಿಸಿದೆವು. ಮೊದಲು ಚಳಿ ಹಿಡಿಯುವುದು ಪಾದಕ್ಕೆ. ನಿನ್ನ ತಂದೆಯವರಿಗೆ ನೀರು ಒಳಗಿಳಿಯದ, ಅಡಿ ದಪ್ಪವಿರುವ ಬೂಟನ್ನು ಮಾತ್ರ ತಪ್ಪದೆ ಕೊಡಿಸು. ಸ್ವೆಟರಿನ ಬಗ್ಗೆ ಚಿಂತಿಸಬೇಡ, ಇಲ್ಲಿ ನಮ್ಮ ಮನೆಯಲ್ಲೇ ಬೇಕಾದಷ್ಟಿವೆ.

ಆ ದಿನ ಬೆಳಗ್ಗೆ ಮನೆಯಲ್ಲಿ ಎಣ್ಣೆ ಸ್ನಾನ, ಆರತಿ, ಕೇಸರಿಬಾತ್ ಎಲ್ಲವೂ ಶಾಸ್ತ್ರೋಕ್ತವಾಗಿ ಮುಗಿದ ಮೇಲೆ ಮಗಳು ಶಾಲೆಯಲ್ಲಿ ಮಾಡಿಕೊಟ್ಟಿದ್ದ ಕಾಗದದ ಕಿರೀಟವನ್ನು ಟೊಪ್ಪಿಗೆಯ ಮೇಲೆಯೇ ಏರಿಸಿಕೊಂಡಳು. ಈ ದೇಶದಲ್ಲಿ ಹುಟ್ಟುಹಬ್ಬದ ಮಗುವಿಗಷ್ಟೇ ಶುಭ ಹಾರೈಸುವುದಿಲ್ಲ; ತಂದೆ, ತಾಯಿ, ಅಜ್ಜಿ, ಎದುರಿಗಿರುವ ನೆಂಟರೆಲ್ಲರಿಗೂ ಅಭಿನಂದನೆ ಹೇಳುವ ಸಂಪ್ರದಾಯವಿದೆ. ಪಾರ್ಕಿನ ಬಾಗಿಲಲ್ಲಿ ನಮ್ಮ ಹಿಂದೆ ನಿಂತಿದ್ದ ವಯಸ್ಸಾದ ಡಚ್ ಹೆಂಗಸೊಬ್ಬರು ಕಿರೀಟವನ್ನು ಕಂಡು, ಮೊದಲು ಮಗಳಿಗೆ, ಆಮೇಲೆ ನಮ್ಮಿಬ್ಬರಿಗೆ, ಕೊನೆಗೆ ಕೈಗವಸು ಬಿಚ್ಚಿ ಅಮ್ಮನ ಕೈ ಕುಲುಕಿ ಅಭಿನಂದಿಸಿದರು. "ನನಗ್ಯಾಕೋ? ನಾನೇನು ಮಾಡ್ದೆ?" ಎಂದು ಅಮ್ಮ ನನ್ನ ಮುಖ ನೋಡಿದರು. ನಾನು ವಿವರಿಸಿದೆ. ಅಮ್ಮ ಸುಮ್ಮನಿರುವವರಲ್ಲ, ಕೈಚೀಲದಿಂದ ಸಂಕ್ರಾಂತಿಗೆಂದು ತಂದಿದ್ದ ಎಳ್ಳುಬೆಲ್ಲದ ಡಬ್ಬಿ ತೆಗೆದು ಆಕೆಯ ಅಂಗೈಗೆ ಒಂದು ಹಿಡಿ ಸುರಿದರು. ಆಕೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಒಂದೊಂದೇ ಎಳ್ಳು, ಒಂದೊಂದೇ ಕೊಬ್ಬರಿ ಚೂರನ್ನು ಆರಿಸಿ ತಿನ್ನತೊಡಗಿದಾಗ, "ಎಲ್ಲಾ ಒಟ್ಟಿಗೆ ಬಾಯಿಗೆ ಹಾಕ್ಕೊಳ್ಳಿ" ಎಂದು ಅಮ್ಮ ಕನ್ನಡದಲ್ಲಿಯೇ ಅಪ್ಪಣೆ ಕೊಟ್ಟರು. ಆಕೆಗೆ ಅರ್ಥವೂ ಆಯಿತು.

ಕಥೆಗಳ ಕಾಡಿನಲ್ಲಿ ನಮ್ಮ ಮನೆಯ ಏರ್ಪಾಡೇ ಅದಲುಬದಲಾಯಿತು. ಪ್ರತಿದಿನ ಕಥೆ ಹೇಳುವವರು ಅಮ್ಮ, ಕೇಳುವವಳು ಮಗಳು. ಇಲ್ಲಿ ಕಥೆಗಳ ದನಿ ಡಚ್ಚಿನದ್ದಾದ್ದರಿಂದ ಮಗಳೇ ಕೈಹಿಡಿದು ಕರೆದೊಯ್ದು ಪ್ರತಿಯೊಂದು ಗುಡಿಸಿಲಿನ ಮುಂದೆಯೂ ತನ್ನ ಕನ್ನಡದಲ್ಲಿ ಕಥೆ ಹೇಳಿದಳು. ನೂರು ವರ್ಷ ಮಲಗಿದ ರಾಜಕುಮಾರಿಯ ಎದೆ ಉಸಿರಾಟಕ್ಕೆ ತಕ್ಕಂತೆ ಏರಿಳಿಯುತ್ತದೆ, ಕಾವಲುಗಾರ ಗೊರಕೆ ಹೊಡೆಯುತ್ತಾನೆ. ಉದ್ದಕೊರಳಿನ ಸೇವಕನೊಬ್ಬ ನಿಧಾನವಾಗಿ ಕತ್ತನ್ನು ಮರಗಳೆತ್ತರಕ್ಕೆ ಚಾಚಿ ಸುತ್ತ ನೋಡಿ ಮತ್ತೆ ಇಳಿಸುತ್ತಾನೆ; ಇವನು 1952ರ ಮೊದಲ ಹತ್ತು ಕಥೆಗಳಲ್ಲಿ ಒಬ್ಬ. ಯಾರ ಕಾಲೂ ಇಲ್ಲದ ಕೆಂಪು ಬೂಟುಗಳು ತಮ್ಮಷ್ಟಕ್ಕೆ ಕುಣಿಯುತ್ತವೆ. ಇವುಗಳಲ್ಲಿ ಯಾವುದೂ ಅರ್ಧ ನಿಮಿಷಕ್ಕಿಂತ ಹೆಚ್ಚಿನ ಬೆರಗಲ್ಲ. ಆದರೂ ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಮಕ್ಕಳ ಪಾಲಿಗೆ ಅಲ್ಲಿಯ ನಿಜವಾದ ದೊರೆ ಹೋಲ ಬೋಲ ಖೈಸ್ ಎಂಬ ಹೊಟ್ಟೆಬಾಕ. ಅವನೊಂದು ಕಸದ ಬುಟ್ಟಿ. ಕೆಂಪು ಕೆನ್ನೆಯ ದಢೂತಿ ಗೊಂಬೆಯೊಂದು ಬಾಯಿ ಅಗಲಿಸಿ "ಕಾಗದ ಇಲ್ಲಿ, ಕಾಗದ ಇಲ್ಲಿ" ಎಂದು ಡಚ್ಚಿನಲ್ಲಿ ಕೂಗುತ್ತದೆ. ಬಾಯಿಯ ಬಳಿ ಕಾಗದ ಹಿಡಿದರೆ ಒಳಗಿನ ಗಾಳಿ ಅದನ್ನು ಸುರ್ರೆಂದು ಎಳೆದುಕೊಳ್ಳುತ್ತದೆ, ಗೊಂಬೆ ವಂದನೆ ಹೇಳುತ್ತದೆ. 1959ರಿಂದ ಇವನ ಕೆಲಸ ಇಷ್ಟೇ. ಪರಿಣಾಮವೇನೆಂದರೆ ಪಾರ್ಕಿನಲ್ಲಿ ಮಕ್ಕಳು ನೆಲ ನೋಡುತ್ತ, ಕಾಗದದ ಚೂರು ಹುಡುಕುತ್ತ ಓಡಾಡುತ್ತಾರೆ. ಅಮ್ಮನ ಕೈಚೀಲದಲ್ಲಿದ್ದ ಹಳೆಯ ಔಷಧಿಯಂಗಡಿಯ ರಸೀದಿಗಳು, ಬಸ್ಸಿನ ಟಿಕೆಟ್ಟುಗಳು, ಟಿಶ್ಯೂ ಎಲ್ಲವೂ ಅವನ ಹೊಟ್ಟೆ ಸೇರಿದ ನಂತರ ಮಗಳು ತನ್ನ ಕಿರೀಟದ ಕಡೆ ಕೈ ಹಾಕಿದಳು; ಅಷ್ಟರಲ್ಲಿ ನನ್ನ ಹೆಂಡತಿ ತಡೆದಳು. ನಮ್ಮ ಊರುಗಳಲ್ಲಿ ಸ್ವಚ್ಛತೆಯ ಫಲಕಗಳಿಗೆ ಸುರಿಯುವ ಹಣದಲ್ಲಿ ಇಂಥ ನಾಲ್ಕು ಹೊಟ್ಟೆಬಾಕರನ್ನು ಯಾಕೆ ನಿಲ್ಲಿಸಬಾರದು ಎಂದು ನನಗೆ ಅನ್ನಿಸದಿರಲಿಲ್ಲ.

ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆ ನಿನಗೆ ಗೊತ್ತಿದೆ, ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1845ರಲ್ಲಿ ಬರೆದದ್ದು. ಕಾಡಿನ ಒಳಗೆ ಅದಕ್ಕೊಂದು ಪುಟ್ಟ ರಂಗವನ್ನು 2004ರಲ್ಲಿ ಕಟ್ಟಿದ್ದಾರೆ. ಹುಡುಗಿ ಕಡ್ಡಿ ಗೀರುತ್ತಾಳೆ, ಬೆಳಕಿನಲ್ಲಿ ಅವಳು ಬಯಸಿದ್ದೆಲ್ಲ ಕಾಣುತ್ತದೆ, ಕಡ್ಡಿ ಆರುತ್ತದೆ. ಕೊನೆಗೆ ತೀರಿಹೋದ ಅಜ್ಜಿ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾಳೆ. ಬೇಸಿಗೆಯಲ್ಲಿ ಇದನ್ನು ನೋಡುವವರಿಗೆ ಅದೊಂದು ಬೆಳಕಿನ ಚಮತ್ಕಾರ. ಹೊರಗೆ ಬೆರಳು ಮರಗಟ್ಟುತ್ತಿರುವಾಗ ನೋಡಿದರೆ ಅದೇ ಕಥೆ ಬೇರೆಯಾಗುತ್ತದೆ. ಹೊರಬಂದ ಮೇಲೆ ಮಗಳು, "ಅವಳಜ್ಜಿ ಮೊದಲೇ ಯಾಕೆ ಬರ್ಲಿಲ್ಲ?" ಎಂದು ಕೇಳಿದಳು. ನಾನು ಉತ್ತರ ಹುಡುಕುತ್ತಿದ್ದೆ. ಅಮ್ಮ ಮಾತ್ರ ತಡಮಾಡಲಿಲ್ಲ: "ಅಜ್ಜಿ ಬಿಡು, ಆ ಬೀದೀಲಿ ಅಷ್ಟೊಂದು ಮನೆ ಇತ್ತಲ್ಲ, ಒಬ್ರಾದ್ರೂ ಯಾಕೆ ಬಾಗಿಲು ತೆಗೀಲಿಲ್ಲ ಅಂತ ಕೇಳು."

ನಮ್ಮ ದೇಶವೂ ಆ ಕಾಡಿನಲ್ಲಿದೆ, ಆದರೆ ಯುರೋಪು ಕಲ್ಪಿಸಿಕೊಂಡ ದೇಶವಾಗಿ. ಬೆಲ್ಜಿಯಂನ ರಾಣಿ ಫ್ಯಾಬಿಯೋಲಾ, ರಾಣಿಯಾಗುವ ಮೊದಲು ಬರೆದ ಕಥೆಯೊಂದನ್ನು ಆಧರಿಸಿ 1966ರಲ್ಲಿ ಕಟ್ಟಿದ ಭಾರತದ ನೈದಿಲೆಗಳ ಗುಹೆಯೊಂದಿದೆ. ಮಾಟಗಾತಿಯೊಬ್ಬಳ ಶಾಪಕ್ಕೆ ಸಿಕ್ಕಿ ಹೂವಾದ ಚೆಲುವೆಯರು ಕೊಳದ ಮೇಲೆ ಕುಣಿಯುತ್ತಾರೆ. ಗಾಳಿಯಲ್ಲಿ ಹಾರುವ ಫಕೀರನೊಬ್ಬ ಕೊಳಲೂದಿ ಟುಲಿಪ್ ಹೂಗಳನ್ನು ಅರಳಿಸುತ್ತಾನೆ. ಅಮ್ಮ ನಕ್ಕರು. ನನಗೂ ಕೋಪ ಬರಲಿಲ್ಲ, ಏಕೆಂದರೆ ಅದರಲ್ಲಿ ತಿರಸ್ಕಾರವಿಲ್ಲ, ಗೊತ್ತಿಲ್ಲದ ಊರಿನ ಬಗೆಗಿನ ಹಗಲುಗನಸಿದೆ. ಎಲ್ಲವೂ ಹಾಗಿರಲಿಲ್ಲವೆನ್ನುವುದೂ ನಿಜ. ಆಫ್ರಿಕದವರನ್ನು ನರಭಕ್ಷಕರಂತೆ ಚಿತ್ರಿಸಿದ್ದ 1988ರ ಗಿರಕಿಯಾಟವೊಂದನ್ನು, ಬಹುಕಾಲದ ಟೀಕೆಯ ನಂತರ ಕೆಲವು ವರ್ಷಗಳ ಹಿಂದೆ ಸಿಂದಬಾದನ ಕಥೆಗೆ ಬದಲಾಯಿಸಿದರು. ಬದಲಾಯಿಸಿದ್ದು ತಡವಾಯಿತೆಂದೇ ನನ್ನ ಅಭಿಪ್ರಾಯ.

ಯಂತ್ರಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ನಿನ್ನ ಮಗನ ಎತ್ತರವನ್ನು ಈಗಲೇ ಅಳೆದಿಡು. ಚಿನ್ನದ ಗಣಿಯ ಬಾವಿಯೊಳಗೆ 37 ಮೀಟರಿನಷ್ಟು ನೆಟ್ಟಗೆ ಬೀಳಿಸುವ ಬ್ಯಾರನ್ 1898 ಎಂಬ ರೋಲರ್ ಕೋಸ್ಟರಿಗೆ 1.32 ಮೀಟರ್ ಬೇಕು. ಮರದ ಹಳಿಗಳ ಮೇಲೆ ಎರಡು ಗಾಡಿಗಳು ಪಂದ್ಯ ಕಟ್ಟಿ ಓಡುವ ಡ್ರ್ಯಾಗನ್ನಿನ ಕೋಸ್ಟರಿಗೆ 1.10 ಸಾಕು. ಮಗಳು ಎರಡನೆಯದಕ್ಕೆ ನನ್ನನ್ನು ಎಳೆದೊಯ್ದಳು. ಆ ವೇಗದಲ್ಲಿ ಜನವರಿಯ ಗಾಳಿ ಮುಖಕ್ಕೆ ಬಡಿದರೆ ಕಣ್ಣೀರು ತಾನಾಗಿಯೇ ಸುರಿಯುತ್ತದೆ, ಅದನ್ನು ಭಯವೆಂದು ಮಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ನೀರಿನಲ್ಲಿ ತೊಯ್ಯಿಸುವ ಆಟ ಚಳಿಗೆ ಮುಚ್ಚಿತ್ತು. ಅಮ್ಮನಿಗೆ ಹಿಡಿಸಿದ್ದು ಮಾತ್ರ 1993ರಲ್ಲಿ ತೆರೆದ ಡ್ರೋಮ್‌ಫ್ಲುಖ್ಟ್. ಬೆಚ್ಚನೆಯ ಕಟ್ಟಡದ ಒಳಗೆ, ಮೇಲಿನ ಹಳಿಯಿಂದ ತೂಗುವ ಪೆಟ್ಟಿಗೆಯಲ್ಲಿ ಕುಳಿತು ಯಕ್ಷಿಣಿಯರ ತೋಟ, ತೇಲುವ ಕೋಟೆ, ಮಳೆಕಾಡುಗಳ ನಡುವೆ ಆರು ನಿಮಿಷ ತೇಲಬಹುದು. ಇಳಿದ ಕೂಡಲೇ, "ಇನ್ನೊಂದ್ಸಲ ಬಿಡ್ತಾರಾ ಕೇಳು" ಎಂದರು. ನಿನ್ನ ತಂದೆಯವರಿಗೆ ಕಾಲುನೋವಿದ್ದರೆ ಪಾರ್ಕನ್ನು ಸುತ್ತುವ ಉಗಿಬಂಡಿಯೂ ಇದೆ, ಗಾಲಿಕುರ್ಚಿಯೂ ಬಾಡಿಗೆಗೆ ಸಿಗುತ್ತದೆ.

ನಾನು ಚಳಿಗಾಲವನ್ನೇ ಆರಿಸಿಕೊ ಎನ್ನುವುದಕ್ಕೆ ಮುಖ್ಯ ಕಾರಣ ಕತ್ತಲೆ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಮಕ್ಕಳು ದೀಪಗಳನ್ನು ಕಾಣದೆಯೇ ಮನೆಗೆ ಹೋಗುತ್ತಾರೆ. ಜನವರಿಯಲ್ಲಿ ಐದು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ; ಮರಗಳಲ್ಲಿ ದೀಪಗಳು ಹತ್ತಿಕೊಳ್ಳುತ್ತವೆ, ಅಲ್ಲಲ್ಲಿ ಸೌದೆಯ ಬೆಂಕಿ ಹಾಕುತ್ತಾರೆ, ಗುರುತು ಪರಿಚಯವಿಲ್ಲದವರು ಸುತ್ತ ಕುಳಿತು ಕೈ ಕಾಯಿಸಿಕೊಳ್ಳುತ್ತಾರೆ. ಅಮ್ಮನ ಮುಖ್ಯ ಕಾರ್ಯಕ್ರಮ ನಡೆದದ್ದು ಅಲ್ಲಿಯೇ. ಥರ್ಮಾಸಿನ ಕಾಫಿ, ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ, ಕೋಡುಬಳೆಗಳನ್ನು ಬಿಚ್ಚಿ ಎಲ್ಲರಿಗೂ ಹಂಚಿದರು. ತಿಂಡಿ ಒಳಗೆ ಒಯ್ಯಲು ಅಡ್ಡಿಯಿಲ್ಲ, ಒಯ್ಯುವುದೇ ಒಳ್ಳೆಯದು; ಎಲ್ಲರೂ ಹೊಗಳುವ ಬಟಾಣಿ ಸೂಪಿನಲ್ಲಿ ಮಾಂಸವಿರುತ್ತದೆ. ಪಕ್ಕದ ಅಂಗಡಿಯಲ್ಲಿ ಗುಳಿಗಳಿರುವ ಕಾವಲಿಯ ಮೇಲೆ ಪೊಫರ್ಟ್ಯಸ್ ಎಂಬ ಪುಟ್ಟ ತಿಂಡಿಯನ್ನು ಸುಡುತ್ತಿದ್ದರು, ನೋಡಲು ಥೇಟ್ ನಮ್ಮ ಪಡ್ಡು. ಮೊಟ್ಟೆ ಹಾಕಿದ್ದಾರೆಂದು ತಿಳಿದು ಅಮ್ಮ ತಿನ್ನಲಿಲ್ಲವಾದರೂ, ಹುಡುಗನೊಬ್ಬ ಮುಳ್ಳುಚಮಚದ ತುದಿಯಿಂದ ಒಂದೊಂದನ್ನೂ ಮಗುಚುವ ವೇಗವನ್ನು ಬಹಳ ಹೊತ್ತು ನಿಂತು ಪರೀಕ್ಷಿಸಿ, "ಕೈ ಚೆನ್ನಾಗಿದೆ, ಉರಿ ಜಾಸ್ತಿ ಆಯ್ತು" ಎಂದು ತೀರ್ಪು ಕೊಟ್ಟರು.

ಖರ್ಚಿನ ಬಗ್ಗೆಯೂ ಕೇಳಿದ್ದೀಯೆ. ಅಗ್ಗವಲ್ಲ. ಟಿಕೆಟ್ಟಿನ ಬೆಲೆ ದಿನದಿಂದ ದಿನಕ್ಕೆ ಬೇರೆ, ಕಾರು ನಿಲ್ಲಿಸಲು ಬೇರೆ ಹಣ. ನಾಲ್ಕು ತುಂಬದ ಮಕ್ಕಳಿಗೆ ಮಾತ್ರ ಉಚಿತ. ಕ್ರಿಸ್‌ಮಸ್ ರಜೆಯ ಎರಡು ವಾರಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಾಲೆಗಳು ಮತ್ತೆ ಆರಂಭವಾದ ಮೇಲಿನ ವಾರದ ದಿನ ಸಿಕ್ಕರೆ ಅದೇ ಉತ್ತಮ. ಆದ್ದರಿಂದ ವೀಸಾದ ಕೆಲಸ ಮುಗಿಯುತ್ತಲೇ ತಾರೀಖು ತಿಳಿಸು. ಟಿಕೆಟ್ಟನ್ನು ದಿನ ಗೊತ್ತುಮಾಡಿ ಮುಂಚೆಯೇ ತೆಗೆಯಬೇಕು, ಆ ಕೆಲಸ ನನಗೆ ಬಿಡು. ಬರುವಾಗ ಅಮ್ಮನಿಗೆ ಒಂದು ಕೆಜಿ ಕಾಫಿಪುಡಿ, ಚಿಕೋರಿ ಬೆರೆಸದ್ದು, ತಪ್ಪದೆ ತರಬೇಕಂತೆ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಐಂಡ್‌ಹೋವನ್ನಿನ ಗೆಳೆಯ