ಡ್ರೋನ್ ಕರೆಸೋ ಮುಂಚೆ ಪೈಲಟ್ ಹತ್ರ ಪೇಪರ್ ಕೇಳಿ

ಮಾನ್ಯ ಸಂಪಾದಕರೇ,

ನಮ್ದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆನೇ ಜೀವನ. ಹಿಪ್ಪುನೇರಳೆ ತೋಟದ ಪಕ್ಕಕ್ಕೆ ಬೇರೆಯವ್ರ ಟೊಮ್ಯಾಟೊ, ಮಧ್ಯೆ ಒಂದು ಬದು ಅಷ್ಟೆ. ಕಳೆದ ಬೆಳೇಲಿ ಹುಳ ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚೋದು) ಎದ್ದು ಮೂರು ದಿನ ಆಗಿತ್ತು, ಎಷ್ಟು ಸೊಪ್ಪು ಹಾಕಿದ್ರೂ ಸಾಲದು ಅನ್ನೋ ಟೈಮು, ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡಬೇಕಿತ್ತು. ಆವತ್ತು ಪಕ್ಕದವ್ರು ಬಾಡಿಗೆ ಡ್ರೋನ್ ಕರೆಸಿ ಔಷಧಿ ಹೊಡೆಸಿದ್ದಾರೆ, ನಮಗೆ ಯಾರೂ ಹೇಳ್ಲಿಲ್ಲ, ಗಾಳಿ ನಮ್ಮ ಕಡೆಗೇ ಇತ್ತು, ಮನೆಯವ್ಳು ಸಂಜೆ ಆ ಬದು ಪಕ್ಕದ ಸಾಲಿಂದ್ಲೇ ಸೊಪ್ಪು ಕುಯ್ಕೊಂಡು ಬಂದು ಹಾಕಿದ್ಳು. ರಾತ್ರಿ ಹತ್ತು ಗಂಟೆಗೆ ಹುಳದ ಮನೆಗೆ ಹೋಗಿ ಲೈಟ್ ಹಾಕಿದ್ರೆ ಹುಳ ತಲೆ ಎತ್ಕೊಂಡು ಒದ್ದಾಡ್ತಾ ಇದೆ, ಬಾಯಿಂದ ಹಸಿರು ನೀರು ಬರ್ತಾ ಇದೆ. ಬೆಳಗಾಗೋಷ್ಟ್ರಲ್ಲಿ ಬುಟ್ಟಿ ಬುಟ್ಟಿ ತುಂಬಿ ಗುಂಡಿಗೆ ಸುರಿದ್ವಿ.

ಡ್ರೋನ್ ಹುಡುಗನ್ನ ಹುಡುಕ್ಕೊಂಡು ಹೋಗಿ ಕೇಳ್ದೆ. ಸರ್ಟಿಫಿಕೇಟ್ ಇಲ್ಲ, ಫ್ರೆಂಡ್ ಹತ್ರ ಕಲಿತಿದ್ದಂತೆ. ಇನ್ಶೂರೆನ್ಸ್ ಅಂದ್ರೆ ನನ್ ಮುಖ ನೋಡ್ದ. ಬಂದಿದ್ದೂ ಒಬ್ನೇ.

ಆಮೇಲೆ ರೂಲ್ಸ್ ಓದ್ಕೊಂಡೆ. 2021ರ ಡ್ರೋನ್ ನಿಯಮದಲ್ಲಿ ಎಲ್ಲಾ ಇದೆ ಸಾರ್. 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ, 2 ಕೆಜಿ ತನಕ ದುಡ್ಡಿಗಲ್ದೆ ಹಾರಿಸೋರಿಗೂ ಬೇಡ, ಆದ್ರೆ ಬಾಡಿಗೆಗೆ ಹಾರಿಸಿದ್ರೆ ಬೇಕೇ ಬೇಕು, ಮದುವೆ ವಿಡಿಯೋದವ್ರಿಗೂ ಅಷ್ಟೆ. ಔಷಧಿ ಹೊಡೆಯೋ ಡ್ರೋನ್ ಟ್ಯಾಂಕೇ 10 ಲೀಟರ್, ನೀರಿನ ತೂಕನೇ 10 ಕೆಜಿ ಆಯ್ತಲ್ಲ, ಅದಕ್ಕೆ ಯಾವ ವಿನಾಯ್ತಿನೂ ಇಲ್ಲ. 18 ವರ್ಷ ಆಗಿರ್ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು, ಡಿಜಿಸಿಎ (ಕೇಂದ್ರದ ವಿಮಾನಯಾನ ನಿರ್ದೇಶನಾಲಯ) ಒಪ್ಪಿದ ಸಂಸ್ಥೇಲಿ ಟ್ರೈನಿಂಗ್ ಆಗಿರ್ಬೇಕು, ಡ್ರೋನಿಗೆ ಗುರುತಿನ ನಂಬರ್ ಇರ್ಬೇಕು. ನಿಯಮ ಮೀರಿದ್ರೆ 1 ಲಕ್ಷದ ತನಕ ದಂಡ. ಆದ್ರೆ ಹಳ್ಳಿ ಹೊಲದಲ್ಲಿ ಬಂದು ಕೇಳೋರು ಯಾರು?

ಇನ್ಶೂರೆನ್ಸ್ ವಿಷ್ಯ ಇನ್ನೂ ಮುಖ್ಯ. ನ್ಯಾನೋ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು, ಮೋಟಾರು ವಾಹನ ಕಾಯ್ದೆ ಥರಾನೇ, ಅಂದ್ರೆ ನಿಮ್ಮ ಬೈಕಿಗೆ ಇರೋ ಹಾಗೆ. ಅದು ಇದ್ದಿದ್ರೆ ನಾನು ಆ ಹುಡುಗನ ಮನೆ ಮುಂದೆ ನಿಂತು ಜಗಳ ಆಡೋದು ಇರ್ತಿರ್ಲಿಲ್ಲ, ಅವನಾದ್ರೂ ಎಲ್ಲಿಂದ ತಂದ್ಕೊಡ್ತಾನೆ, ಡ್ರೋನ್ ಸಾಲನೇ ತೀರಿಲ್ಲ ಅಂತಾನೆ. ಡ್ರೋನ್ ಬಿದ್ದು ತಲೆ ಒಡೆದ್ರೆ ಮಾತ್ರ ಅಲ್ಲ, ಔಷಧಿ ಗಾಳೀಲಿ ತೇಲಿ ಬಂದು ಪಕ್ಕದ ಬೆಳೆ ಹಾಳಾದ್ರೂ ಪರಿಹಾರ ಸಿಗುತ್ತೆ ಅಂತ ಪಾಲಿಸೀಲಿ ಸ್ಪಷ್ಟವಾಗಿ ಬರೆಸ್ಬೇಕು, ನಮ್ಮಂಥೋರಿಗೆ ಅದೇ ದೊಡ್ಡ ಭಯ.

ಮತ್ತೆ ಒಬ್ನೇ ಬಂದು ಹೊಡೆಯೋದು ನಿಲ್ಲಬೇಕು. ಪೈಲಟ್ ಕಣ್ಣು ರಿಮೋಟ್ ಸ್ಕ್ರೀನ್ ಮೇಲಿರುತ್ತೆ, ಆ ತುದೀಲಿ ಯಾರು ಕುಯ್ತಿದ್ದಾರೆ, ಗಾಳಿ ಯಾವ ಕಡೆ ತಿರುಗ್ತು, ಕರೆಂಟ್ ವೈರ್ ಎಲ್ಲಿದೆ ಅಂತ ನೋಡೋಕೆ ಇನ್ನೊಬ್ರು ಬದು ಮೇಲೆ ನಿಲ್ಲಲೇಬೇಕು. ಮಹಿಳಾ ಸಂಘಗಳಿಗೆ ಡ್ರೋನ್ ಕೊಡೋ ಸರ್ಕಾರದ ನಮೋ ಡ್ರೋನ್ ದೀದಿ ಯೋಜನೇಲೇ ಪೈಲಟ್ ಜೊತೆ ಒಬ್ಬ ಅಸಿಸ್ಟೆಂಟಿಗೂ ಟ್ರೈನಿಂಗ್ ಕೊಡ್ತಾರೆ, ಬಾಡಿಗೆಯವ್ರಿಗೆ ಯಾಕೆ ಬೇಡ? 1971ರ ಕೀಟನಾಶಕ ನಿಯಮದಲ್ಲೂ ಆಕಾಶದಿಂದ ಔಷಧಿ ಹೊಡೆಯೋದಾದ್ರೆ 24 ಗಂಟೆ ಮುಂಚೆ ಜನರಿಗೆ ತಿಳಿಸ್ಬೇಕು ಅಂತಿದೆ. ಒಂದು ಮಾತು ಹೇಳಿದ್ರೆ ಆವತ್ತು ಆ ಸಾಲು ಬಿಟ್ಟು ಬೇರೆ ಕಡೆ ಸೊಪ್ಪು ಕುಯ್ತಿದ್ವಿ.

ಡ್ರೋನ್ ಬೇಡ ಅಂತ ನಾನು ಹೇಳ್ತಿಲ್ಲ, ಬೆನ್ನಿಗೆ ಪಂಪ್ ಹಾಕ್ಕೊಂಡು ವಿಷ ಕುಡಿದಂಗೆ ಕೆಲ್ಸ ಮಾಡೋರ ಕಷ್ಟ ನೋಡಿದ್ದೀನಿ. ಕೃಷಿ ಇಲಾಖೆಯವ್ರು ಪ್ರತಿ ರೈತ ಸಂಪರ್ಕ ಕೇಂದ್ರದ ಬೋರ್ಡಲ್ಲಿ ಸರ್ಟಿಫಿಕೇಟು, ಇನ್ಶೂರೆನ್ಸು ಎರಡೂ ಇರೋ ಪೈಲಟ್‌ಗಳ ಪಟ್ಟಿ ಹಾಕ್ಲಿ, ರೈತರು ಅವ್ರನ್ನೇ ಕರೆಸ್ಲಿ. ನಮಗೆ ಮುಂದಿನ ವಾರ ಚಾಕಿ ಹುಳ (ಮರಿ ಹುಳ) ಬರ್ತಿದೆ, ಸುತ್ತಲಿನ ಹೊಲದವ್ರಿಗೆಲ್ಲ ತಾರೀಕು ಹೇಳಿ ಬಂದಿದ್ದೀನಿ.

– ಒಬ್ಬ ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು