ಎಆರ್‌ಟಿ ಮಾತ್ರೆ ಬಿಡುವ ಮುನ್ನ ತೊಂದರೆ ಹೇಳಿ

ಮಾನ್ಯರೇ,

ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸೆಯ ಮಾತ್ರೆ ಎಂದರೆ ಈಗಲೂ ಹಲವರ ಕಣ್ಣಮುಂದೆ ಬರುವುದು ಗುಳಿಬಿದ್ದ ಕೆನ್ನೆ, ಉರಿಯುವ ಪಾದ. ಅದು ಸ್ಟಾವುಡಿನ್ ಎಂಬ ಹಳೆಯ ಔಷಧಿಯ ಕಾಲದ ಮಾತು. ಆ ಔಷಧಿಯನ್ನು ಹಂತಹಂತವಾಗಿ ಕೈಬಿಡಲು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿತ್ತು. ಈಗ ಹೆಚ್ಚಾಗಿ ಕೊಡುವುದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ, ದಿನಕ್ಕೊಂದೇ ಮಾತ್ರೆ. ಆದರೂ ಮೊದಲ ವಾರದ ವಾಕರಿಕೆಗೇ ಹೆದರಿ ಡಬ್ಬಿ ಮುಚ್ಚಿಡುವವರಿದ್ದಾರೆ.

ವಾಕರಿಕೆ, ತಲೆನೋವು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತಗ್ಗುತ್ತವೆ. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ನಿದ್ದೆ ಬಾರದಿದ್ದರೆ ವೈದ್ಯರಿಗೆ ತಿಳಿಸಿ, ರಾತ್ರಿಯ ಬದಲು ಬೆಳಗ್ಗೆ ನುಂಗಬಹುದು. ಎಫಾವಿರೆಂಜ್ ಎಂಬ ಇನ್ನೊಂದು ಎಚ್‌ಐವಿ ಔಷಧಿ ಹಾಗಲ್ಲ. ಜಿಡ್ಡಿನ ಊಟದ ಜೊತೆ ಅದು ರಕ್ತಕ್ಕೆ ಹೆಚ್ಚು ಸೇರಿ ತಲೆಸುತ್ತು, ವಿಚಿತ್ರ ಕನಸು ಜಾಸ್ತಿಯಾಗುತ್ತವೆ. ಅದನ್ನು ಖಾಲಿ ಹೊಟ್ಟೆಯಲ್ಲಿ, ಮಲಗುವ ಹೊತ್ತಿಗೇ ನುಂಗಬೇಕು.

ನಮ್ಮನ್ನು ಹೆಚ್ಚು ಕಾಡುವುದು ಆಂಟಾಸಿಡ್. ಹೊಟ್ಟೆಯುರಿ ಎಂದು ಟಿಎಲ್‌ಡಿ ಜೊತೆಗೇ ಅದನ್ನೂ ಕುಡಿದರೆ, ಅದರಲ್ಲಿರುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸರಿಯಾಗಿ ಸೇರದಂತೆ ಮಾಡುತ್ತವೆ. ನುಂಗಿದ ಮಾತ್ರೆಯ ಬಲ ಕುಗ್ಗುತ್ತದೆ. ಮಾತ್ರೆಯಾದ 2 ಗಂಟೆ ಬಳಿಕ ಆಂಟಾಸಿಡ್ ಕುಡಿಯಬಹುದು. ಆಂಟಾಸಿಡ್ ಮೊದಲೇ ಕುಡಿದಿದ್ದರೆ ಮಾತ್ರೆಗೆ 6 ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ, ಊಟದ ಜೊತೆಯಾದರೆ ಮಾತ್ರ ಒಟ್ಟಿಗೆ ನುಂಗಬಹುದು.

ಡೊಲುಟೆಗ್ರಾವಿರ್ ಶುರುವಾದಾಗ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ತುಸು ಏರುವುದುಂಟು. ಅದು ಮೂತ್ರಪಿಂಡದಿಂದ ಹೊರಹೋಗುವ ದಾರಿಯೊಂದನ್ನು ಔಷಧಿ ತಡೆಯುವುದೇ ಕಾರಣ, ಮೂತ್ರಪಿಂಡ ಕೆಟ್ಟಿತೆಂದಲ್ಲ. ಏರುತ್ತಲೇ ಹೋದರೆ ಅಥವಾ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಆಗ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಟೆನೊಫೊವಿರ್ ಮೇಲೆ ಗಮನವಿಡಬೇಕು. ಮೈಕೈ ನೋವಿಗೆ ತಾವೇ ಕೊಂಡು ನುಂಗುವ ಡೈಕ್ಲೊಫೆನಾಕ್ ಈ ಅಪಾಯವನ್ನು ಹೆಚ್ಚಿಸುತ್ತದೆ.

ಬೇರೆ ಎಚ್‌ಐವಿ ಔಷಧಿ ನುಂಗುವವರಲ್ಲಿ ಕಾಯಬಾರದ ಲಕ್ಷಣಗಳೂ ಇವೆ. ನೆವಿರಪಿನ್ ನುಂಗುವವರಿಗೆ ಬಾಯಲ್ಲಿ ಗುಳ್ಳೆ, ಕಣ್ಣು ಕೆಂಪು, ಕಾಮಾಲೆ. ಜಿಡೊವುಡಿನ್‌ನವರಿಗೆ ರಕ್ತಹೀನತೆಯ ಏದುಸಿರು. ಅಬಕಾವಿರ್ ಶುರುವಾದ ಮೊದಲ 6 ವಾರದಲ್ಲಿ ಜ್ವರ, ದದ್ದು, ವಾಂತಿ, ಉಸಿರಾಟದ ತೊಂದರೆ ಒಟ್ಟಿಗೆ ಬಂದರೆ ಅಂದೇ ವೈದ್ಯರ ಬಳಿ ಹೋಗಬೇಕು. ಆ ಅಲರ್ಜಿಗಾಗಿ ನಿಲ್ಲಿಸಿದ ಅಬಕಾವಿರ್ ಮತ್ತೆಂದೂ ನುಂಗುವಂತಿಲ್ಲ, ಪ್ರಾಣಕ್ಕೇ ಅಪಾಯ.

ಉಳಿದಂತೆ ತಾವಾಗಿ ಮಾತ್ರೆ ಬಿಡಬೇಡಿ. ಹೆಪಟೈಟಿಸ್ ಬಿ ಕೂಡ ಇರುವವರು ಟಿಎಲ್‌ಡಿ ಬಿಟ್ಟರೆ ಯಕೃತ್ತಿನ ಉರಿಯೂತ ಥಟ್ಟನೆ ಉಲ್ಬಣಿಸಬಹುದು.

ಔಷಧಿ ಕೊಡುವವರಲ್ಲಿ ಎರಡು ಮನವಿ: ಆ 2 ಗಂಟೆ, 6 ಗಂಟೆಯ ಲೆಕ್ಕವನ್ನು ಡಬ್ಬಿಯ ಮೇಲೇ ಬರೆದುಕೊಡಿ. “ಯಾಕೆ ಮಾತ್ರೆ ತಪ್ಪಿಸಿದಿರಿ?” ಎಂದು ಗದರುವ ಮೊದಲು “ಏನು ತೊಂದರೆ ಆಗ್ತಿದೆ?” ಎಂದು ಕೇಳಿ.

ಇಂತಿ,
ಎಆರ್‌ಟಿ ಆಪ್ತ ಸಮಾಲೋಚಕರು